ಮದುವೆ ಕಾಗದ ಚರ್ಚಿನ ಕಾರ್ಯದರ್ಶಿ ಕೈಯಲ್ಲಿ ಬಂತು. ಹೋಗಬೇಕಾ, ಬೇಡ್ವಾ?

ಕಡಲೂರ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಊರಿನ ಹೆಸರು ಹಾಕಬೇಡಿ. ಕರಾವಳಿ ಅಂದರೆ ಸಾಕು.

ನಮ್ಮದು ಹಳೇ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟೆಂಟ್ ಮಿಷನ್) ಕುಟುಂಬ, ಈಗ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿ ಇದ್ದವರು, ಅಜ್ಜ ಮಿಷನ್ ಶಾಲೆಯ ಮೇಷ್ಟ್ರು. ಅಜ್ಜ ಕಟ್ಟಿದ ಮನೆ, ಅದರ ಹಿಂದಿನ ತೆಂಗಿನ ತೋಟ. ಇದರ ಪಾಲಿನ ವಿಷಯದಲ್ಲಿ ಪಪ್ಪನಿಗೂ ಚಿಕ್ಕಪ್ಪನಿಗೂ ಜಗಳ ಆಯಿತು. ನಾನಾಗ ಹೈಸ್ಕೂಲು. ಶುರುವಾಗಿದ್ದು ಬಾವಿ ಯಾರ ಕಡೆಗೆ ಬರಬೇಕು ಅಂತ. ಆಮೇಲೆ ಮನೆಯ ನಡುವೆ ಗೋಡೆ ಎದ್ದಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ವಿಚಿತ್ರ ಏನು ಗೊತ್ತಾ, ಇಬ್ಬರೂ ಒಂದೇ ಚರ್ಚಿಗೆ ಹೋಗುತ್ತಾರೆ. ಒಂದು ಭಾನುವಾರವೂ ತಪ್ಪಿಸಲ್ಲ. ಪಪ್ಪ ಮುಂದಿನ ಬೆಂಚು, ಚಿಕ್ಕಪ್ಪ ಹಿಂದೆ ಬಾಗಿಲ ಹತ್ತಿರ. ಸಿಎಸ್‌ಐ ಆರಾಧನೆ ನೋಡಿದವರಿಗೆ ಗೊತ್ತು, ಕರ್ತನ ಭೋಜನದ ದಿನ ಸಮಾಧಾನ ಹಂಚುತ್ತಾರೆ. ಅಯ್ಯನವರು (ನಮ್ಮ ಸಭಾಪಾಲಕರು) ಇಳಿದು ಬಂದು ಮೊದಲ ಬೆಂಚಿನವರಿಗೆ ಕೊಡುತ್ತಾರೆ. ಕೊಡುವವರು ಪಕ್ಕದವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿಯಬೇಕು, ಅವರು ತಮ್ಮ ಪಕ್ಕದವರಿಗೆ, ಹೀಗೆ ಬೆಂಚಿನಿಂದ ಬೆಂಚಿಗೆ ಕೊನೆಯವರೆಗೆ ಹೋಗುತ್ತದೆ. ಅಂದರೆ ಪಪ್ಪನ ಕೈಯಿಂದ ಹೊರಟಿದ್ದು ಇಡೀ ಸಭೆಯ ಕೈ ದಾಟಿ ಚಿಕ್ಕಪ್ಪನಿಗೆ ತಲುಪುತ್ತದೆ! ನೇರ ಕೊಡುವುದಕ್ಕೆ ಮಾತ್ರ ಆಗಲ್ಲ. ಒಂದು ಈಸ್ಟರಿಗೆ ಜನ ತುಂಬಿ ಚಿಕ್ಕಪ್ಪ ನಮ್ಮ ಪಪ್ಪನ ಹಿಂದಿನ ಬೆಂಚಿಗೇ ಬಂದು ಕೂರಬೇಕಾಯಿತು. ಪಪ್ಪ ಕೈ ಚಾಚಿಕೊಂಡು ಹಿಂದೆ ತಿರುಗಿದರು, ಯಾರು ಅಂತ ನೋಡಿದರು, ತಕ್ಷಣ ಬಗ್ಗಿ ಸಂಗೀತ ಪುಸ್ತಕ ಕೆಳಗೆ ಬೀಳಿಸಿಕೊಂಡವರ ಹಾಗೆ ಹುಡುಕತೊಡಗಿದರು. ಪುಸ್ತಕ ಅವರ ಕಂಕುಳಲ್ಲೇ ಇತ್ತು.

ಈಗ ಚಿಕ್ಕಪ್ಪನ ಮಗಳಿಗೆ ಮದುವೆ. ಹೋದ ಭಾನುವಾರ ಮೊದಲನೇ ಪ್ರಕಟಣೆ ಓದಿದರು, ಇನ್ನೆರಡು ಭಾನುವಾರ ಓದುತ್ತಾರೆ. "ಈ ಮದುವೆಗೆ ಯಾರದಾದರೂ ತಕರಾರು ಇದ್ದರೆ" ಅಂತ ಅಯ್ಯನವರು ಓದುವಾಗ ಇಡೀ ಸಭೆ ಪಪ್ಪನ ಬೆನ್ನು ನೋಡುತ್ತಿತ್ತಂತೆ. ಇದು ಅಮ್ಮ ಹೇಳಿದ್ದು. ಅಮ್ಮ ಸ್ವಲ್ಪ ಉಪ್ಪುಖಾರ ಸೇರಿಸುತ್ತಾರೆ, ಅದನ್ನು ಕಳೆದು ಓದಿ.

ಆರಾಧನೆ ಮುಗಿದ ಮೇಲೆ ಮದುವೆ ಕಾಗದವನ್ನು ಚರ್ಚಿನ ಕಾರ್ಯದರ್ಶಿ ತಂದು ಕೊಟ್ಟರು. ಚಿಕ್ಕಪ್ಪ ಮನೆಗೆ ಬಂದು ಕರೆಯಲಿಲ್ಲ. ನಡುವೆ ಒಂದು ಗೋಡೆ ಮಾತ್ರ ಇದೆ! ಪಪ್ಪ ಹೇಳುವುದು, "ಒಡಹುಟ್ಟಿದವನು ಹೊಸ್ತಿಲು ತುಳಿದು ಕರೆಯದ ಮದುವೆಗೆ ನಾನು ಯಾಕೆ ಹೋಗಲಿ?" ಅಮ್ಮ ಹೇಳುವುದು, "ಹುಡುಗಿ ಏನು ಮಾಡಿದ್ದಾಳೆ?" ತಂಗಿ, ಅಂದರೆ ಆ ಮದುಮಗಳೇ, ನನಗೆ ದಿನಾ ಮೆಸೇಜ್ ಮಾಡುತ್ತಾಳೆ. ನಾನು ಬೆಂಗಳೂರಲ್ಲಿದ್ದೇನೆ, ಒಬ್ಬಳೇ ಹೋಗಿ ಬರಬಹುದು. ಆದರೆ ಪಪ್ಪನನ್ನು ಬಿಟ್ಟು ಹೋಗುವುದು ಸರಿಯಾ? ಒಪ್ಪಿಸುವುದು ಹೇಗೆ? ಇಂಥದ್ದು ಕಂಡವರು ಹೇಳಿ.

ಹೆಂಚಿನಮನೆ:
ಹೋಗಿ. ಕಾಗದ ಯಾರ ಕೈಯಲ್ಲಿ ಬಂದರೂ ಅದರ ಮೇಲೆ ನಿಮ್ಮ ಪಪ್ಪನ ಹೆಸರು ಬರೆದಿತ್ತಲ್ಲ. ಬರೆದವರು ಯಾರು ಅಂತ ಅಕ್ಷರ ನೋಡಿದ್ರಾ?

ಕಡಲೂರ ಹುಡುಗಿ:
ನೋಡಿದೆ. ಚಿಕ್ಕಪ್ಪನದೇ ಅಕ್ಷರ. "ಅಣ್ಣ ಮತ್ತು ಕುಟುಂಬ" ಅಂತ ಬರೆದಿದ್ದಾರೆ.

ಬೆಟಗೇರಿಯವ:
ನಮ್ಮ ಕಡೆ ಇಂಥವು ಸಾಕಷ್ಟು ನೋಡೀವಿ ರೀ. ಒಂದು ಹೇಳ್ತೀನಿ, ನಗಬೇಡಿ. ನಮ್ಮ ಸಭೆಯಲ್ಲಿ ಬೆಳೆ ಹಬ್ಬದ ದಿನ ಎಲ್ಲರೂ ಮನೆಯಿಂದ ಏನಾದರೂ ತಂದು ಕೊಡುತ್ತಾರೆ. ಜೋಳ, ಕುಂಬಳಕಾಯಿ, ಕೋಳಿ, ಕೇಕು. ಆರಾಧನೆ ಆದ ಮೇಲೆ ಅಂಗಳದಲ್ಲಿ ಹರಾಜು. ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು ಒಂದು ಕುಂಬಳಕಾಯಿಗೆ ಬಿದ್ದರು. ತಮ್ಮನ ಹೊಲದ ಕಾಯಿ ಅದು. ಅಣ್ಣ ಐವತ್ತು ಅಂದ, ತಮ್ಮ ನೂರು ಅಂದ, ತನ್ನದೇ ಕಾಯಿಗೆ! ಹಂಗೇ ಏರಿಸುತ್ತಾ ಏರಿಸುತ್ತಾ ಕುರಿಮರಿ ರೇಟಿಗೆ ಹೋಯಿತು. ಜನ ಎಲ್ಲಾ ಚಪ್ಪಾಳೆ, ಖಜಾಂಚಿಗೆ ಖುಷಿಯೋ ಖುಷಿ. ಕೊನೆಗೆ ಅಣ್ಣ ಗೆದ್ದು ಕಾಯಿ ಹೊತ್ತುಕೊಂಡು ಹೋದ. ಸಂಜೆ ಅವನ ಹೆಂಡತಿ ಅದನ್ನು ಕೊಯ್ದು ಅರ್ಧ ತಮ್ಮನ ಮನೆಗೆ ಕಳಿಸಿದಳು, ಗಂಡನಿಗೆ ಹೇಳದೆ. ಗಂಡಸರು ಇನ್ನೂ ಮಾತಾಡಲ್ಲ, ಹೆಂಗಸರು ಅವತ್ತಿಂದ ಮಾತಾಡ್ತಾರೆ.

ನಿಮ್ಮ ಪಪ್ಪನ ವಿಷಯಕ್ಕೆ ಬಂದರೆ, ಮತ್ತಾಯ 18ನೇ ಅಧ್ಯಾಯದಲ್ಲಿ ಕ್ರಮ ಹೇಳಿದೆ. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನ ಹತ್ತಿರ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಬಗ್ಗದಿದ್ದರೆ ಸಭೆಗೆ ಹೇಳು. ನಾವು ಮಾಡುವುದು ಉಲ್ಟಾ. ಮೊದಲು ಇಡೀ ಸಭೆಗೆ ಹೇಳಿ, ಆಮೇಲೆ ಒಬ್ಬಿಬ್ಬರನ್ನು ಕಟ್ಟಿಕೊಂಡು ಪಾರ್ಟಿ ಮಾಡಿ, ಆ ಮನುಷ್ಯನ ಹತ್ತಿರ ಮಾತ್ರ ಸಾಯೋ ತನಕ ಮಾತಾಡುವುದಿಲ್ಲ.

ಕುಸ್ವಾರ್ ಡಬ್ಬಿ:
ನಾವು ಮಂಗಳೂರು ಕಡೆಯ ಕಥೋಲಿಕರು, ಮನೆಮಾತು ಕೊಂಕಣಿ. ನಮ್ಮಲ್ಲಿ ಚರ್ಚಿನ ಪ್ರತಿ ವಾಡೆಗೂ (ವಾರ್ಡಿಗೂ) ಒಬ್ಬ ಗುರ್ಕಾರ್, ಅಂದರೆ ಮುಖಂಡ, ಇರುತ್ತಾರೆ. ಹಿಂದೆ ಗಡಿ ಜಗಳ, ಅತ್ತೆ ಸೊಸೆ ಜಗಳ ಎಲ್ಲಾ ಮೊದಲು ಗುರ್ಕಾರರ ಜಗಲಿಗೇ ಹೋಗುತ್ತಿತ್ತು, ಆಮೇಲೆ ಪಾದ್ರಿಗಳ ಹತ್ತಿರ. ಈಗಿನ ಗುರ್ಕಾರರಿಗೆ ಹಳೇ ಕಾಲದಷ್ಟು ಮರ್ಯಾದೆ ಇಲ್ಲ, ಸತ್ಯ ಹೇಳಬೇಕಲ್ಲ. ಆದರೂ ಸಾವಿನ ಮನೆಗೆ ಮೊದಲು ಬರುವವರು ಅವರೇ.

ನಮ್ಮಲ್ಲಿ ಇಂಥ ಜಗಳಕ್ಕೆ ಪರೀಕ್ಷೆ ಬರುವುದು ಮೊಂತಿ ಫೆಸ್ತ್ ದಿನ. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟಿದ ಹಬ್ಬ. ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂವು ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಗೊಂದು ಕೊಡುತ್ತಾರೆ. ಮನೆಯಲ್ಲಿ ಹಿರಿಯರು ಆ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಮನೆಮಂದಿ ಎಲ್ಲರೂ ಅದನ್ನು ತಿನ್ನಬೇಕು. ಅವತ್ತು ಮೀನಿಲ್ಲ, ಮಾಂಸವಿಲ್ಲ, ಬಾಳೆಲೆ ಊಟ. ಗಲ್ಫಿನಲ್ಲಿದ್ದ ಮಕ್ಕಳಿಗೆ ಅಂಚೆ ಲಕೋಟೆಯಲ್ಲಿ ಒಣ ತೆನೆ ಕಳಿಸುತ್ತಿದ್ದ ಕಾಲವೂ ಇತ್ತು. ನಾಲ್ಕು ಕಾಳು ಬಂದರೂ ಅಲ್ಲಿಯ ಹಾಲಿಗೆ ಹಾಕಿಕೊಂಡು ಕುಡಿಯುವುದು.

ಈಗ ಸಮಸ್ಯೆ ನೋಡಿ. ನನ್ನ ದೊಡ್ಡಪ್ಪ ಮನೆ ಬಿಟ್ಟು ಹೋಗಿದ್ದರು, ಜಗಳ ಮಾಡಿಕೊಂಡು. ಹೋಗಿದ್ದು ದೂರ ಏನಲ್ಲ, ಎರಡು ಬಸ್ ಸ್ಟಾಪ್ ಆಚೆ. ನಮ್ಮ ಅಜ್ಜಿ ಪ್ರತಿ ವರ್ಷ ಒಂದು ಲೋಟ ಪಾಯಸ ಮುಚ್ಚಿಟ್ಟು ನನ್ನ ಕೈಯಲ್ಲಿ ಕಳಿಸುತ್ತಿದ್ದರು. ದೊಡ್ಡಪ್ಪ ಬಾಗಿಲಲ್ಲೇ ನಿಂತು ಕುಡಿದು, ಲೋಟ ತೊಳೆದು ವಾಪಸ್ ಕೊಡುತ್ತಿದ್ದರು. ಏನೂ ಮಾತಿಲ್ಲ. ಅಜ್ಜಿ ಲೋಟ ನೋಡಿ "ಕುಡಿದನಾ?" ಅಂತ ಕೇಳುವುದು, ನಾನು ಹೂಂ ಅನ್ನುವುದು. ಅಷ್ಟೇ. ಅವರ ಪಾಲಿಗೆ ಅವನು ಮನೆಯ ಲೆಕ್ಕದಲ್ಲಿ ಇದ್ದಾನೆ ಅಂತ ಆಯಿತು. ಕ್ಷಮೆ ಗಿಮೆ ಯಾರೂ ಬಾಯಲ್ಲಿ ಹೇಳಲಿಲ್ಲ. ಅಜ್ಜಿ ತೀರಿದಾಗ ಹೆಣಪೆಟ್ಟಿಗೆಯ ಮುಂದಿನ ತುದಿ ಹಿಡಿದದ್ದು ದೊಡ್ಡಪ್ಪನೇ.

ನಿಮ್ಮ ಕಾಗದ ಅಂಥದ್ದೇ ಒಂದು ಲೋಟ ಅಂತ ತಿಳ್ಕೊಳ್ಳಿ. ಬಾಗಿಲಲ್ಲಿ ನಿಂತಾದರೂ ಕುಡಿಯಬಹುದು.

ರಾತ್ರಿ ಪಾಳಿ:
ಎಲ್ಲರೂ "ಹೋಗಿ, ಕ್ಷಮಿಸಿ" ಅಂತ ಬರೆಯುತ್ತಿದ್ದೀರಿ. ನನ್ನದು ಬೇರೆ ಅನುಭವ. ಸ್ವಲ್ಪ ಕಹಿ ಇದೆ.

ನನ್ನ ಗಂಡ ಹೊಡೆಯುತ್ತಿದ್ದ. ಚರ್ಚಿನಲ್ಲಿ ದೊಡ್ಡ ಹೆಸರು, ಕಾಣಿಕೆ ಚೀಲ ಹಿಡಿಯುತ್ತಿದ್ದವನು. ಸಭೆಯ ಹಿರಿಯರ ಹತ್ತಿರ ಹೋದೆ. ಪ್ರಾರ್ಥನೆ ಮಾಡಿದರು. ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಅಂತ ಯೇಸು ಹೇಳಿದ್ದಾರೆ ಅಮ್ಮಾ ಅಂದರು. ಮನೆಗೆ ಬಂದೆ, ಮತ್ತೆ ಹೊಡೆದ. ಮತ್ತೆ ಹೋದೆ, ಮತ್ತೆ ಅದೇ ವಚನ. ಅವನನ್ನು ಕರೆಸಿ ಒಂದು ಮಾತು ಕೇಳಲಿಲ್ಲ. ಕ್ಷಮಿಸು ಅನ್ನುವುದು ಯಾವಾಗಲೂ ಪೆಟ್ಟು ತಿಂದವರಿಗೇ ಹೇಳುವುದು ಯಾಕೆ?

ಕೊನೆಗೆ ಬೇರೆ ಆದೆ. ಕ್ರೈಸ್ತರ ವಿಚ್ಛೇದನ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಗೆ ಮುಂಚೆ ಆಗಿದ್ದರೆ ಅದೂ ಕಷ್ಟ ಇತ್ತಂತೆ. ಆಗ ಕ್ರೈಸ್ತ ಹೆಂಗಸಿಗೆ ವಿಚ್ಛೇದನ ಸಿಗಬೇಕಾದರೆ ಗಂಡನ ಹಿಂಸೆ ಒಂದೇ ಸಾಕಾಗುತ್ತಿರಲಿಲ್ಲ, ಜೊತೆಗೆ ಅವನ ಹಾದರವನ್ನೂ ತೋರಿಸಬೇಕಿತ್ತು. ಗಂಡಸಿಗೆ ಹೆಂಡತಿಯ ಹಾದರ ಒಂದೇ ಸಾಕಿತ್ತು.

ಈಗ ಅವನ ಮೇಲೆ ಸಿಟ್ಟಿಲ್ಲ. ಅವನಿಗೆ ಕಾಯಿಲೆ ಬಿದ್ದಾಗ ನಾನು ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದ್ದರು, ನನ್ನ ಪಾಳಿಯಲ್ಲೇ ಡ್ರಿಪ್ ಬದಲಿಸಿದೆ. ವಾಪಸ್ ಮಾತ್ರ ಹೋಗಲಿಲ್ಲ, ಹೋಗುವುದೂ ಇಲ್ಲ. ಚರ್ಚು ಬದಲಿಸಿದೆ. ಹೊಸ ಚರ್ಚಿನಲ್ಲಿ ಒಬ್ಬರು ಮುದುಕಿ ಮೊದಲ ದಿನವೇ ಬೆಂಚಿನಲ್ಲಿ ಸರಿದು ಜಾಗ ಕೊಟ್ಟು "ಗಂಡ ಎಲ್ಲಿ?" ಅಂತ ಕೇಳದೆ "ತಿಂಡಿ ಆಯ್ತಾ?" ಅಂತ ಕೇಳಿದರು. ಅವರ ಪಕ್ಕ ಬಿಟ್ಟು ಬೇರೆ ಕಡೆ ನಾನು ಕೂರಲ್ಲ.

ಸರಳ ರೇಖೆ:
ನಿಮ್ಮ ನೋವು ಅರ್ಥವಾಗುತ್ತದೆ ಸಿಸ್ಟರ್. ಆದರೆ ಇಲ್ಲಿ ವಿಷಯ ಬರೀ ಒಂದು ಬಾವಿ. ಸಿಸ್ಟರ್ ರಾಣಿ ಮರಿಯಾ ಅವರ ಮನೆಯವರನ್ನು ನೆನೆಸಿಕೊಳ್ಳಿ. ಕೇರಳದವರು, ಮಧ್ಯಪ್ರದೇಶದಲ್ಲಿ ಬಡವರ ಮಧ್ಯೆ ಕೆಲಸ ಮಾಡುತ್ತಿದ್ದರು. 1995ರ ಫೆಬ್ರವರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಸಮಂದರ್ ಸಿಂಗ್ ಅನ್ನುವವನು ಚೂರಿಯಿಂದ ಇರಿದು ಕೊಂದ. ಅವರ ಸ್ವಂತ ತಂಗಿ, ಅವರೂ ಕನ್ಯಾಸ್ತ್ರೀ, ಜೈಲಿಗೆ ಹೋಗಿ ಅವನಿಗೆ ರಾಖಿ ಕಟ್ಟಿದರು. ಆಮೇಲೆ ಅವನ ಬಿಡುಗಡೆಗೂ ಮನೆಯವರು ಒಪ್ಪಿದರು. ಬಿಡುಗಡೆಯಾಗಿ ಅವನು ಕೇರಳದ ಅವರ ಮನೆಗೇ ಹೋಗಿ ಬಂದ. 2017ರಲ್ಲಿ ಇಂದೋರಿನಲ್ಲಿ ಅವರನ್ನು ಪುನೀತೆ (ಸಂತ ಪದವಿಗೆ ಹಿಂದಿನ ಹೆಜ್ಜೆ) ಅಂತ ಘೋಷಿಸಿದ ದಿನ ಅವನೂ ಇದ್ದ. ಮಗಳನ್ನು ಕೊಂದವನನ್ನೇ ತಾಯಿ ಮನೆಗೆ ಸೇರಿಸಿದರು. ನಮಗೆ ಬಾವಿ ಬಿಡಲು ಆಗಲ್ವಾ?

ಬೆಟಗೇರಿಯವ:
ಅಲ್ಲ ಸರ್, ಅವರು ಸಂತರ ಮನೆಯವರು. ನಾವು ಕುಂಬಳಕಾಯಿ ಮನೆಯವರು.

ಕುಸ್ವಾರ್ ಡಬ್ಬಿ:
ತಮಾಷೆ ಬಿಡಿ, ಒಂದು ಮಾತಿದೆ. ಪರ ಊರಿನ ಅಪರಿಚಿತನನ್ನು ಕ್ಷಮಿಸುವುದೇ ಒಂಥರಾ ಸುಲಭ ಅನಿಸುತ್ತೆ. ಒಂದು ಸಲ ಕ್ಷಮಿಸಿದರೆ ಮುಗಿಯಿತು. ಗೋಡೆಯಾಚೆಯ ತಮ್ಮನನ್ನು ದಿನಾ ಕ್ಷಮಿಸಬೇಕು. ಅವನು ಬೆಳಿಗ್ಗೆ ಪಂಪ್ ಹಾಕಿದಾಗ ಒಂದು ಸಲ, ಅವನ ತೆಂಗಿನ ಗರಿ ನಮ್ಮ ಕಡೆ ಬಿದ್ದಾಗ ಒಂದು ಸಲ.

ರಾತ್ರಿ ಪಾಳಿ:
@ಸರಳ ರೇಖೆ ಅವರೇ, ಆ ತಂಗಿಗೆ ಯಾರೂ ಹೋಗಿ ರಾಖಿ ಕಟ್ಟು ಅಂತ ಒತ್ತಾಯ ಮಾಡಿರಲಿಲ್ಲ. ಅವರಾಗಿ ಹೋದರು. ಅವನೂ ಜೈಲಿನಲ್ಲಿ ಪಶ್ಚಾತ್ತಾಪ ಪಟ್ಟಿದ್ದ, ಶಿಕ್ಷೆಯೂ ನಡೀತಿತ್ತು. ಇದೆಲ್ಲಾ ಬಿಟ್ಟು ರಾಖಿ ಮಾತ್ರ ಎತ್ತಿಕೊಂಡರೆ ಹೇಗೆ?

ಕೋರ್ಟು ಕಚೇರಿ:
ನಾನು ವಕೀಲ. ಹಾಸನದ ಕಡೆಯವನು, ಕ್ರೈಸ್ತ ಅಲ್ಲ, ಆದರೂ ಈ ಪ್ರಶ್ನೆ ಕೇಳದೆ ಇರಲು ಆಗುತ್ತಿಲ್ಲ. ನಿಮ್ಮ ಅಜ್ಜನಿಗೆ ಎಷ್ಟು ಜನ ಮಕ್ಕಳು? ಬರೀ ಇಬ್ಬರಾ? ಉಯಿಲು ಬರೆದಿದ್ದರಾ?

ಕಡಲೂರ ಹುಡುಗಿ:
ಉಯಿಲು ಇಲ್ಲ. ಮಕ್ಕಳು ಮೂರು ಜನ. ಪಪ್ಪ ದೊಡ್ಡವರು, ನಡುವೆ ಅತ್ತೆ, ಆಮೇಲೆ ಚಿಕ್ಕಪ್ಪ. ಯಾಕೆ?

ಕೋರ್ಟು ಕಚೇರಿ:
ಯಾಕೆಂದರೆ ಇಷ್ಟು ಹೊತ್ತು ಎಲ್ಲರೂ ಇಬ್ಬರ ಜಗಳ ಅಂತಲೇ ಮಾತಾಡುತ್ತಿದ್ದೀರಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲು ಇಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಅಂತ ವ್ಯತ್ಯಾಸವೇ ಇಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲಾ 2005ರಲ್ಲಿ. ನಿಮ್ಮವರಿಗೆ ಕಾಗದದ ಮೇಲೆ ಮೊದಲೇ ಇತ್ತು. ಕೇರಳದ ತಿರುವಾಂಕೂರು ಭಾಗದ ಕ್ರೈಸ್ತ ಹೆಣ್ಣುಮಕ್ಕಳಿಗೆ ಬೇರೆ ಕಾಯಿದೆ ಅಡ್ಡ ಇತ್ತು. ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅದೂ ಹೋಯಿತು.

ಹಾಗಾದರೆ ನಿಮ್ಮ ಅತ್ತೆಯ ಪಾಲು ಎಲ್ಲಿದೆ? ಬಾವಿಯ ಯಾವ ಕಡೆ?

ಕಡಲೂರ ಹುಡುಗಿ:
ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಅತ್ತೆ ಬಗ್ಗೆ ಹೇಳುತ್ತೇನೆ. ಮದುವೆ ಆಗಲಿಲ್ಲ. ನರ್ಸ್ ಆಗಿದ್ದರು. ಅಜ್ಜಿ ಹಾಸಿಗೆ ಹಿಡಿದಾಗ ರಜೆ ಹಾಕಿ ಬಂದು ನೋಡಿಕೊಂಡದ್ದು ಅವರು. ಅಜ್ಜನ ಪೆನ್ಶನ್ ಸಾಲದಿದ್ದಾಗ ಹೆಂಚು ಬದಲಿಸಲು ದುಡ್ಡು ಕೊಟ್ಟಿದ್ದೂ ಅವರೇ. ಅಜ್ಜಿ ಹೋದರು, ಆಮೇಲೆ ಅಜ್ಜ ಹೋದರು. ಆಗ ಪಪ್ಪ ಮತ್ತು ಚಿಕ್ಕಪ್ಪ ಒಟ್ಟಿಗೆ, ಆಗ ಇಬ್ಬರೂ ಸರಿ ಇದ್ದರು, ಅತ್ತೆಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು. "ನಿನಗೆ ಯಾರಿದ್ದಾರೆ, ನಮ್ಮ ಮಕ್ಕಳೇ ನಿನ್ನ ಮಕ್ಕಳು" ಅಂದರಂತೆ. ವಾಪಸ್ ಬರುವಾಗ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ಇದು ನಮ್ಮ ಮನೆಯಲ್ಲಿ ತಮಾಷೆಯ ಹಾಗೆ ಹೇಳುವ ಕಥೆ.

ಅತ್ತೆ ಈಗ ಚರ್ಚಿನ ಹಿಂದಿನ ಓಣಿಯಲ್ಲಿ ಒಂದು ರೂಮಿನ ಬಾಡಿಗೆ ಮನೆಯಲ್ಲಿದ್ದಾರೆ. ಕ್ರಿಸ್ಮಸ್ಸಿಗೆ ತುಕ್ಕುಡಿ, ಚಕ್ಕುಲಿ ಮಾಡಿ ಎರಡೂ ಮನೆಗೆ ಒಂದೇ ಅಳತೆಯ ಡಬ್ಬಿಯಲ್ಲಿ ಕಳಿಸುತ್ತಾರೆ. ಸ್ತ್ರೀ ಸಂಘದ ಲೆಕ್ಕ ಅವರದೇ. ಇಬ್ಬರ ಜಗಳ ಬಿಡಿಸಿ ಅಂತ ಅಯ್ಯನವರ ಹತ್ತಿರ ಎಷ್ಟೋ ಸಲ ಹೋಗಿದ್ದಾರೆ. ಅವರ ಪಾಲು ಅಂತ ಒಂದು ಇದೆ ಅನ್ನುವುದು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದು ಕೇಳಿಲ್ಲ.

ಸರಳ ರೇಖೆ:
ವಕೀಲರು ಬಂದರು, ಇನ್ನೊಂದು ಜಗಳ ಹುಟ್ಟಿತು. ಅತ್ತೆಯವರು ಖುಷಿಯಿಂದ ಬಿಟ್ಟುಕೊಟ್ಟದ್ದನ್ನು ಈಗ ಯಾಕೆ ಕೆದಕಬೇಕು? ಅದೇ ಅಲ್ವಾ ನಿಜವಾದ ಕ್ರೈಸ್ತ ಪ್ರೀತಿ?

ಕೋರ್ಟು ಕಚೇರಿ:
ಖುಷಿಯಿಂದ ಅಂತ ಯಾರು ಹೇಳಿದ್ದು? ಖುಷಿಯಿಂದ ಕೊಡುವವರನ್ನು ಆಫೀಸಿಗೆ ಇಬ್ಬರು ಸೇರಿ ಕರೆದುಕೊಂಡು ಹೋಗಬೇಕಾಗಿಲ್ಲ. ಇರಲಿ. ಕಾನೂನಿನ ಪ್ರಕಾರ ನೋಂದಾಯಿತ ಬಿಡುಗಡೆ ಪತ್ರ ಆಗಿದ್ದರೆ, ಇಷ್ಟು ವರ್ಷ ಆದ ಮೇಲೆ ಅವರು ಕೋರ್ಟಿಗೆ ಹೋಗಿ ಗೆಲ್ಲುವುದು ಬಹಳ ಕಷ್ಟ. ಮೋಸ ಆಗಿದೆ ಅನ್ನುವುದಾದರೂ ಗೊತ್ತಾದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಹಾಗಾಗಿ ಹೆದರಬೇಡಿ, ಕೇಸು ಹಾಕಿಸಲು ನಾನು ಬಂದಿಲ್ಲ. ಕಾನೂನಿನ ಬಾಗಿಲು ಮುಚ್ಚಿರುವುದರಿಂದಲೇ ಇದು ನಿಮ್ಮ ಮನೆಯವರ, ನಿಮ್ಮ ಸಭೆಯ ವಿಷಯ ಆಗುತ್ತದೆ ಅಂತ ನನ್ನ ಅಭಿಪ್ರಾಯ.

ಹೆಂಚಿನಮನೆ:
ನಾನು ಮೊದಲು ಒಂದೇ ಸಾಲು ಬರೆದು ಸುಮ್ನಿದ್ದೆ. ಈಗ ಜಾಸ್ತಿ ಬರೆಯುತ್ತೇನೆ, ನಮ್ಮದೂ ಅದೇ ಬಾಸೆಲ್ ಮಿಷನ್ ಮೂಲ.

ಬಾಸೆಲಿನಿಂದ ಮೊದಲ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ಯಾರಾದರೂ ಕ್ರೈಸ್ತರಾದರೆ ಮನೆಯಿಂದ ಹೊರಗೆ, ಗೇಣಿ ಭೂಮಿಯಿಂದ ಹೊರಗೆ, ಕಸುಬಿನಿಂದಲೂ ಹೊರಗೆ. ನೀರಿಗೂ ಬಾವಿ ಸಿಗುತ್ತಿರಲಿಲ್ಲ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಮತಾಂತರ ಆದವನ ಆಸ್ತಿ ಹಕ್ಕು ಹೋಗಬಾರದು ಅಂತ 1850ರಲ್ಲಿ ಕಂಪನಿ ಸರಕಾರ ಕಾಯಿದೆಯನ್ನೇನೋ ತಂದಿತು. ಊರಿನಲ್ಲಿ ಅದನ್ನು ಕೇಳುವವರು ಯಾರು? ಹಾಗೆ ಬೀದಿಗೆ ಬಿದ್ದವರಿಗೆ ಕೆಲಸ ಕೊಡಬೇಕು ಅಂತಲೇ ಮಿಷನ್ನಿನವರು ಪ್ರೆಸ್ಸು, ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎಲ್ಲಾ ಶುರು ಮಾಡಿದ್ದು. ಖಾಕಿ ಬಣ್ಣ ಹುಟ್ಟಿದ್ದು ನಮ್ಮ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಅಂತ ನಾವೆಲ್ಲಾ ಹೆಮ್ಮೆಯಿಂದ ಹೇಳುವುದು ಆ ಕಾಲದ ಕಥೆಯೇ. ಒಡಹುಟ್ಟಿದವರು ಕೈಬಿಟ್ಟವರಿಗೆ ಸಭೆಯೇ ಅಣ್ಣತಮ್ಮ ಆಯಿತು. ಒಂದೇ ಕೇರಿ, ಒಂದೇ ಬಾವಿ.

ಪಾಲು ಕಳೆದುಕೊಂಡು ಬಂದವರ ಮರಿಮಕ್ಕಳು ನಾವು. ನಾವೇ ಸ್ವಂತ ಅಕ್ಕನಿಗೆ ದೋಸೆ ಕೊಡಿಸಿ ಪಾಲು ಬಿಡಿಸಿಕೊಳ್ಳುತ್ತೇವೆ ಅಂದರೆ ಏನು ಹೇಳಲಿ. ಸಿಟ್ಟು ಬರುತ್ತೆ. ನಿಮ್ಮ ಮೇಲಲ್ಲ ತಂಗಿ.

ಹೊಸ ವಿಶ್ವಾಸಿ:
ಹೆಂಚಿನಮನೆಯವರು ಬರೆದದ್ದು ನನಗೆ ಹಳೇ ಕಥೆ ಅಲ್ಲ, ನನ್ನದೇ. ನಾನು ಬೆಂಗಳೂರಿನಲ್ಲಿ ಒಂದು ಚಿಕ್ಕ ಸಭೆಗೆ ಹೋಗುತ್ತೇನೆ, ಶಟರ್ ಹಾಕಿದ ಅಂಗಡಿಯ ಮೇಲಿನ ಹಾಲು. ಮನೆಯಲ್ಲಿ ನಾನೊಬ್ಬಳೇ ವಿಶ್ವಾಸಿ. ಅಪ್ಪ ತೀರಿಕೊಂಡಾಗ ಅಣ್ಣ ಫೋನ್ ಮಾಡಲಿಲ್ಲ. ಊರಿನ ಗೆಳತಿಯಿಂದ ಗೊತ್ತಾಗಿ ಓಡಿದೆ. ಅಂಗಳದ ಹೊರಗೆ ನಿಲ್ಲಿಸಿದರು. ನಮ್ಮ ಸಭೆಯ ಮೂರ್ನಾಲ್ಕು ಜನ ಅಕ್ಕಂದಿರು ನನ್ನ ಜೊತೆ ಬಂದಿದ್ದರು, ಬಿಸಿಲಲ್ಲಿ ರಸ್ತೆಯಲ್ಲೇ ನನ್ನ ಜೊತೆ ನಿಂತರು. ಪ್ರಾರ್ಥನೆ ಗೀರ್ಥನೆ ಏನೂ ಮಾಡಲಿಲ್ಲ, ಸುಮ್ನೆ ನಿಂತರು. ಮಾಡಿದ್ದರೆ ಗಲಾಟೆ ಆಗುತ್ತಿತ್ತು, ಅಷ್ಟು ತಿಳುವಳಿಕೆ ಇದ್ದವರು.

ಹೋದ ಯುಗಾದಿಗೆ ಅತ್ತಿಗೆ ಕದ್ದುಮುಚ್ಚಿ ಒಬ್ಬಟ್ಟು ಕಳಿಸಿದರು. ತಿಂದೆ. ಅಳುತ್ತಾ ತಿಂದೆ, ಯಾಕೆ ಸುಳ್ಳು ಹೇಳಲಿ.

ಕಡಲೂರ ಹುಡುಗಿಯವರೇ, ನಿಮಗೆ ಒಂದೇ ಸೂರಿನ ಕೆಳಗೆ ಚರ್ಚೂ ಇದೆ, ರಕ್ತಸಂಬಂಧವೂ ಇದೆ. ನನ್ನಂಥವರಿಗೆ ಅದು ಹೊಟ್ಟೆಕಿಚ್ಚು ಬರುವಷ್ಟು ದೊಡ್ಡದು. ಮದುವೆಗೆ ಹೋಗಿ. ಅತ್ತೆಯ ಜೊತೆ ಹೋಗಿ.

ಸರಳ ರೇಖೆ:
ನನ್ನ ಮಾತು ಕೆಲವರಿಗೆ ಬೇಸರ ತಂದಿದೆ ಅಂತ ಕಾಣುತ್ತದೆ. ನಾನು ಹೇಳಿದ್ದು ಇಷ್ಟೇ, ಪಾಲಿನ ವಿಷಯ ಮದುವೆ ಮನೆಗೆ ತರಬೇಡಿ. ಆ ಹುಡುಗಿಯ ದಿನ ಅದು. ಇಷ್ಟಂತೂ ಒಪ್ಪುತ್ತೀರಾ?

ರಾತ್ರಿ ಪಾಳಿ:
ಅದು ಒಪ್ಪಿದೆ. ಮದುವೆ ಆದ ಮೇಲೆ ಮರೆತುಬಿಡಿ ಅಂದರೆ ಮಾತ್ರ ಒಪ್ಪಲ್ಲ.

ನಿರ್ವಾಹಕ:
ಮತಾಂತರ ಸರಿಯೋ ತಪ್ಪೋ ಅಂತ ಬಂದಿದ್ದ ಕೆಲವು ಕಾಮೆಂಟು ತೆಗೆದಿದ್ದೇನೆ. ಅದಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಮದುವೆ ವಿಷಯ ಮಾತ್ರ.

ಕಡಲೂರ ಹುಡುಗಿ:
ಅಪ್‌ಡೇಟ್ ಕೊಡುತ್ತಿದ್ದೇನೆ. ಊರಿಗೆ ಹೋಗಿ ಬಂದೆ.

ಮೊದಲು ಅತ್ತೆಯ ರೂಮಿಗೆ ಹೋದೆ. ಚಾ ಮಾಡಿ ಕೊಟ್ಟರು. ಸುತ್ತಿ ಬಳಸಿ ಕೇಳಲು ನನಗೆ ಬರಲ್ಲ. "ಅತ್ತೆ, ಆವತ್ತು ಸಹಿ ಹಾಕಿದಿರಲ್ಲ, ನಿಮಗೆ ಬೇಡ ಅನಿಸಿಯೇ ಹಾಕಿದ್ರಾ?" ಅಂದೆ. ಅವರು ಒಂದು ನಿಮಿಷ ಏನೂ ಹೇಳಲಿಲ್ಲ, ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು. ಅವರು "ಬಿಡು ಮಗಾ, ಹಳೇದು" ಅನ್ನುತ್ತಾರೆ ಅಂತ ನಾನು ಕಾದಿದ್ದೆ. ಅವರು ಹೇಳಿದ್ದು, "ಬೇಡ ಅಂತ ನಾನು ಯಾವಾಗ ಹೇಳಿದೆ? ನನ್ನನ್ನು ಯಾರು ಕೇಳಿದ್ದರು?"

ಆಮೇಲೆ ಒಂದೊಂದೇ ಬಂತು. ಅವರಿಗೆ ತೋಟ ಬೇಡವಂತೆ. ಅಜ್ಜಿ ಮಲಗುತ್ತಿದ್ದ ಕೋಣೆ ಬೇಕಂತೆ. ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ, ಸಾಯುವುದಾದರೆ ಅಲ್ಲಿ ಸಾಯುತ್ತೇನೆ ಅಂದರು. ತೊಂದರೆ ಏನೆಂದರೆ ಆ ಕೋಣೆ ಈಗ ಚಿಕ್ಕಪ್ಪನ ಕಡೆ ಇದೆ. ಅದಕ್ಕೆ ಹೋಗುವ ಹಳೇ ಬಾಗಿಲು ನಮ್ಮ ಜಗಲಿಯಲ್ಲಿದೆ, ಗೋಡೆ ಕಟ್ಟಿದಾಗ ಇಟ್ಟಿಗೆ ತುಂಬಿ ಮುಚ್ಚಿದ್ದು. ಅಂದರೆ ಇಬ್ಬರೂ ಒಪ್ಪದೆ ಅತ್ತೆಗೆ ಕೋಣೆ ಕೊಡಲು ಸಾಧ್ಯವೇ ಇಲ್ಲ.

ನೀವು ಜಗಳ ಬಿಡಿಸಿ ಅಂತ ಅಯ್ಯನವರ ಹತ್ತಿರ ಹೋಗುತ್ತಿದ್ದಿರಲ್ಲ, ಆಗ ಇದನ್ನು ಹೇಳಲಿಲ್ವಾ ಅಂತ ಕೇಳಿದೆ. "ನನ್ನದನ್ನು ಹೇಳಿದರೆ ಇಬ್ಬರೂ ಒಟ್ಟಾಗುತ್ತಿದ್ದರು, ನನ್ನ ವಿರುದ್ಧ" ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಅತ್ತೆ ತಂಗಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಚಿಕ್ಕಪ್ಪ ಬರಲಿಲ್ಲ. ತಂಗಿ ಪಪ್ಪನ ಮುಂದೆ ನಿಂತು "ದೊಡ್ಡಪ್ಪ, ನೀವು ಬರದಿದ್ದರೆ ನಾನು ಬೇಜಾರು ಮಾಡಿಕೊಳ್ಳುತ್ತೇನೆ" ಅಂದಳು. ಪಪ್ಪ "ಚರ್ಚಿಗೆ ಬರುತ್ತೇನೆ. ಊಟಕ್ಕೆ ಇಲ್ಲ" ಅಂದರು. ಚರ್ಚು ಅವನಪ್ಪನದಲ್ಲ ಅಂತ ಆಮೇಲೆ ಅಮ್ಮನ ಹತ್ತಿರ ಹೇಳಿದರಂತೆ. ಅವನಪ್ಪ ಅಂದರೆ ಇವರಪ್ಪನೂ ಅಲ್ವಾ, ಅದು ಇವರಿಗೆ ಹೊಳೆಯಲಿಲ್ಲ.

ರಾತ್ರಿ ಅತ್ತೆಯ ವಿಷಯ ತೆಗೆದೆ. ಪಪ್ಪ ಕೂಗಾಡಿದರು. ಯಾರು ನಿನ್ನ ತಲೆಗೆ ತುಂಬಿದ್ದು, ಬೆಂಗಳೂರಿಗೆ ಹೋಗಿ ಇದನ್ನೇ ಕಲಿತದ್ದಾ, ಎಲ್ಲಾ ಆಯಿತು. "ಅವಳು ಒಂದು ದಿನವೂ ಕೇಳಲಿಲ್ಲವಲ್ಲ" ಅಂದರು. ನೀವೂ ಕೇಳಲಿಲ್ಲವಲ್ಲ ಅಂದೆ. ಊಟ ಬಿಟ್ಟು ಎದ್ದು ಹೋದರು. ಮರುದಿನ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಬಿಡಲು ಬಂದವರು ಸ್ಕೂಟರ್ ನಿಲ್ಲಿಸಿ, ಬೇರೆ ಕಡೆ ನೋಡುತ್ತಾ, "ಆ ಬಾಗಿಲು ತೆಗೆಸಲು ಏನೇನು ಕಾಗದ ಬೇಕು ಅಂತ ಯಾರನ್ನಾದರೂ ಕೇಳು" ಅಂದರು.

ಚಿಕ್ಕಪ್ಪನಿಗೆ ಇನ್ನೂ ಇದು ಗೊತ್ತಿಲ್ಲ. ಅವರು ಏನು ಹೇಳುತ್ತಾರೋ ದೇವರ ಚಿತ್ತ.

ಕೋರ್ಟು ಕಚೇರಿ:
ಕೇಳಿದ್ದೀರಿ, ಹೇಳುತ್ತೇನೆ. ಹಳೇ ಬಿಡುಗಡೆ ಪತ್ರದ ದೃಢೀಕೃತ ನಕಲು, ಅಣ್ಣತಮ್ಮಂದಿರ ವಿಭಾಗ ಪತ್ರ, ಮನೆಯ ಖಾತೆ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿಡಿ. ಕೋಣೆ ಈಗ ಯಾರ ಹೆಸರಿನಲ್ಲಿದೆಯೋ ಅವರು ಅಕ್ಕನ ಹೆಸರಿಗೆ ದಾನಪತ್ರ ಮಾಡಬಹುದು. ಒಡಹುಟ್ಟಿದವರ ನಡುವೆ ಆದರೆ ಮುದ್ರಾಂಕ ಶುಲ್ಕ ಹೊರಗಿನವರಿಗೆ ಮಾರಿದಂತೆ ಬೀಳುವುದಿಲ್ಲ, ತುಂಬಾ ಕಡಿಮೆ. ನಿಮ್ಮ ಪಪ್ಪ ಜಗಲಿಯ ಮೂಲಕ ಓಡಾಡುವ ಹಕ್ಕನ್ನು ಬರೆದುಕೊಡಬೇಕು, ಬಾಯಿಮಾತು ಸಾಲದು. ಜೀವನಪರ್ಯಂತ ಇರಲಿ ಅನ್ನುವ ಬರೀ ವಾಸದ ಹಕ್ಕಿಗೆ ಒಪ್ಪಬೇಡಿ, ಪೂರ್ತಿ ಹಕ್ಕೇ ಬರೆಸಿ. ಈ ಸಲ ಸಹಿ ಹಾಕುವ ಮುಂಚೆ ಅತ್ತೆಗೆ ಪತ್ರ ಓದಿ ಹೇಳಿ. ಸ್ಥಳೀಯ ವಕೀಲರಿಗೆ ಒಮ್ಮೆ ತೋರಿಸಿ, ನಾನು ಕಾಗದ ನೋಡದೆ ಹೇಳುತ್ತಿದ್ದೇನೆ. ಮತ್ತೆ ಇದೆಲ್ಲಾ ಮದುವೆ ಮುಗಿದ ಮೇಲೆ. ಆ ಒಂದು ವಿಷಯದಲ್ಲಿ ಸರಳ ರೇಖೆ ಸರಿ.

ಹೆಂಚಿನಮನೆ:
ದೋಸೆ ಈ ಸಲ ಅತ್ತೆಯ ಕಡೆಯಿಂದ ಬೇಡ, ಚಿಕ್ಕಪ್ಪನೇ ಕೊಡಿಸಲಿ.

ಬೆಟಗೇರಿಯವ:
ಚಿಕ್ಕಪ್ಪಗ ಯಾರು ಹೇಳ್ತಾರ ರೀ ಮತ್ತ? ಮತ್ತಾಯ 18 ನೆನಪಿರಲಿ, ಮೊದಲು ಒಬ್ಬರೇ. ನಿಮ್ಮ ಪಪ್ಪನೇ ಹೋಗಬೇಕು ಅಂತ ನನ್ನ ಲೆಕ್ಕ. ಅದಿರಲಿ, ಮದುವೆಗೆ ಉಡುಗೊರೆ ಏನು ಕೊಡ್ತೀರಿ?

ಕಡಲೂರ ಹುಡುಗಿ:
ಪಪ್ಪ ಹೋಗುತ್ತಾರೋ ಇಲ್ಲವೋ ನನಗೂ ಗೊತ್ತಿಲ್ಲ. ಅತ್ತೆ "ನಾನೇ ಹೇಳುತ್ತೇನೆ, ನನಗೆ ಬಾಯಿ ಇದೆ" ಅಂತಿದ್ದಾರೆ.

ಉಡುಗೊರೆಗೆ ಗೋಡ್ರೆಜ್ ಕಪಾಟು ಅಂತ ಅಮ್ಮ, ದುಡ್ಡೇ ಕೊಡೋಣ ಅಂತ ನಾನು. ಅತ್ತೆಯ ಹೆಸರೂ ಸೇರಿಸಿ ಒಂದೇ ಕೊಡೋಣ ಅಂದಿದ್ದಕ್ಕೆ ಪಪ್ಪ ಹೂಂ ಅಂದಿದ್ದಾರೆ. ಕಪಾಟು ಆದರೆ ಚಿಕ್ಕಪ್ಪನ ಬಾಗಿಲಿನ ತನಕ ಹೊತ್ತುಕೊಂಡು ಹೋಗುವವರು ಯಾರು ಅನ್ನುವ ಚರ್ಚೆ ಈಗ ನಡೆಯುತ್ತಿದೆ.